ಗಾಲಿ ಕುಣಿದರೆ ಗಾಡಿ ನಿಂತೀತು!

ಬೀಡಿ, ನಂದಗಡ ಸುತ್ತಿನ ಹೊಲದಿಂದ ಭತ್ತದ ಚೀಲ ಹೇರಿದ ಡೀಸೆಲ್ ಪಿಕಪ್ ಹಸಿ ಮಣ್ಣಿನ ಏರು ಹತ್ತಿ ರಸ್ತೆಗೆ ಬರಬೇಕು. ಡ್ರೈವರ್ ಕ್ಲಚ್ ಬಿಟ್ಟ ಕೂಡಲೇ ಹಿಂದಿನ ಗಾಲಿ ದಡದಡ ಕುಣಿಯುತ್ತದೆ. ಚೋರ್ಲಾ ಘಾಟಿನಲ್ಲೂ ಇದೇ ಹಾಡು. ಗೋವೆಯಲ್ಲಿ ಕಾಯಿಪಲ್ಲೆ ಇಳಿಸಿ ಖಾಲಿ ಬರುವಾಗ ಗಾಡಿಯ ಹಿಂಭಾಗ ಹಗುರ, ರಸ್ತೆ ಏರು, ಮೇಲೆ ಮಳೆ. ಜಾಯಿಂಟ್ ಕ್ರಾಸ್ ಮುರಿಯಿತೋ, ಪಿಕಪ್ ನಡುರಸ್ತೆಯಲ್ಲಿ, ಬಸ್ಸು ಅದರ ಹಿಂದೆ, ಅಂಗಡಿಯವರ ಮಾಲು ದೇವರ ಮೇಲೆ!

"ಟ್ರ್ಯಾಕ್ಷನ್ ಬಾರ್ ಹಾಕಸಬೇಕೇನ್ರಿ?" ಎಂದು ಕೇಳುವವರಿದ್ದಾರೆ. ಬೇಡ ಅನ್ನುವುದಿಲ್ಲ. ಆದರೆ ಮದ್ದಿಗಿಂತ ಮೊದಲು ರೋಗ ತಿಳಿಯಬೇಕು.

ಇಂಜಿನ್ ಗಾಲಿಯನ್ನು ಮುಂದಕ್ಕೆ ತಿರುಗಿಸಿದರೆ ಹಿಂದಿನ ಆಕ್ಸಲ್ ತಾನು ಹಿಂದಕ್ಕೆ ತಿರುಚಿಕೊಳ್ಳಲು ನೋಡುತ್ತದೆ. ಅದನ್ನು ಹಿಡಿದಿರುವುದು ಕಮಾನ್ ಪಾಟಾ. ಪಾಟಾ ಹಾವಿನಂತೆ ಬಳುಕುತ್ತದೆ, ಟೈರು ಜಾರಿದೊಡನೆ ಸೆಟೆಯುತ್ತದೆ, ಮತ್ತೆ ಬಳುಕುತ್ತದೆ. ಕುಣಿತ ಅಂದರೆ ಇದೇ. ಆಕ್ಸಲ್ಲಿನಿಂದ ಚಾಸಿಗೆ ಜೋಡಿಸಿದ ಸಲಾಕೆ, ಅಂದರೆ ಟ್ರ್ಯಾಕ್ಷನ್ ಬಾರ್, ಈ ತಿರುಚನ್ನು ತಡೆಯುತ್ತದೆ. ಅಮೆರಿಕದ ದೊಡ್ಡ ಡೀಸೆಲ್ ಪಿಕಪ್ಪುಗಳ ಟಾರ್ಕ್ 1,000 ನ್ಯೂಟನ್ ಮೀಟರ್ ದಾಟುತ್ತದೆ. ಅಲ್ಲಿ ಇದು ಬೇಕು. ನಮ್ಮ ಬೊಲೆರೊ ಪಿಕಪ್ಪಿನದು ಸುಮಾರು 200!

ಆದ್ದರಿಂದ ಮೊದಲು ಗಾಡಿಯ ಅಡಿ ಬಗ್ಗಿ ನೋಡಿ. ಯು-ಬೋಲ್ಟ್ ಸಡಿಲವಾಗಿದೆಯೇ? ಸೆಂಟರ್ ಬೋಲ್ಟ್ ತುಂಡಾಗಿದೆಯೇ? ಬುಶ್ ಸವೆದಿದೆಯೇ? ಟೈರು ಬೋಳಾಗಿದೆಯೇ? ಎಷ್ಟೋ ಸಲ ಕುಣಿತ ಇಲ್ಲಿಗೇ ನಿಲ್ಲುತ್ತದೆ.

ಆಮೇಲೂ ನಿಲ್ಲದಿದ್ದರೆ ಬಾರ್ ನೋಡಿ ಆರಿಸಿ. ಉದ್ದನೆಯದೇ ಒಳ್ಳೆಯದು. ಗಿಡ್ಡ ಬಾರ್ ಪಾಟಾ ಮೇಲೆ ಕೆಳಗೆ ಆಡದಂತೆ ಜಗ್ಗಿ ಹಿಡಿಯುತ್ತದೆ. ತುದಿಗೆ ರಬ್ಬರ್ ಬುಶ್ ಇರಲಿ. ಬರೀ ಕಬ್ಬಿಣದ ಗುಂಡು ಜಾಯಿಂಟ್ ಕೆಸರಿಗೆ ಬೇಗ ಸವೆದು ಲೊಟಲೊಟ ಅನ್ನುತ್ತದೆ. ಬಹಳ ಕೆಳಗೆ ಜೋತುಬಿದ್ದರೆ ಹೊಲದ ಬದುವಿಗೆ ಬಡಿದೀತು. ಆಕ್ಸಲ್ಲಿಗೆ ಕಂಡಲ್ಲಿ ವೆಲ್ಡಿಂಗ್ ಹೊಡೆಸಬೇಡಿ, ಕಾವಿಗೆ ಅದು ಸೊಟ್ಟಾದೀತು. ಬೋಲ್ಟಿನ ಕ್ಲಾಂಪ್ ವಾಸಿ. ಕೂಡಿಸಿದ ಮೇಲೆ ಖಾಲಿ ಒಮ್ಮೆ, ಭಾರ ಹಾಕಿ ಒಮ್ಮೆ ನೋಡಿ. ಬ್ರೇಕ್ ಪೈಪಿಗೆ ತಾಗಕೂಡದು.

ಇನ್ನು ಕಾಯಿದೆ. ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ಪ್ರಕಾರ, ನಿಯಮ ಒಪ್ಪದ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬೆಳಗಾವಿ ಆರ್.ಟಿ.ಓ. ಕಚೇರಿಯಲ್ಲಿ ಕೇಳಿಯೇ ಕೈಹಚ್ಚಿ. ಬಾರ್ ಕಟ್ಟಿದರೂ, ಪಾಟಾ ಏರಿಸಿದರೂ ಆರ್.ಸಿ.ಯಲ್ಲಿ ಬರೆದ ತೂಕ ಒಂದು ಕಿಲೋ ಸಹ ಹೆಚ್ಚುವುದಿಲ್ಲ. ಅದೇ ತಿದ್ದುಪಡಿಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಟನ್ನಿಗೆ 2,000 ಎಂದಿದೆ.

ಮಳೆಗಾಲಕ್ಕೆ ಮುಂಚೆ ಪಾನಾ ಹಿಡಿದು ಆ ಯು-ಬೋಲ್ಟಿನ ನಟ್ಟುಗಳನ್ನು ಒಮ್ಮೆ ಬಿಗಿಸಿ ನೋಡ್ರಿ. ಅದಕ್ಕೆ ದುಡ್ಡಿಲ್ಲ, ದಂಡವೂ ಇಲ್ಲ.