ಚಕ್ರವಾಲವೂ ಆವರ್ತನಿಯಮನವೂ

ಗಣಕಯಂತ್ರದ ಪ್ರೋಗ್ರಾಮಿನಲ್ಲಿ ಒಂದೇ ಕ್ರಿಯಾಸಮೂಹವನ್ನು ಮರಳಿ ಮರಳಿ ಮಾಡಿಸುವ ರಚನೆಗೆ ಲೂಪ್ ಎಂದು ಹೆಸರು, ಇದನ್ನು ಆವರ್ತವೆನ್ನಬಹುದು. ಆವರ್ತವನ್ನು ಮೂರು ನಿಯಮಗಳು ಆಳುವುವು. ಯಾವ ನಿಬಂಧನೆ ಇರುವವರೆಗೆ ಸುತ್ತಬೇಕೆಂಬುದು ಮೊದಲನೆಯದು, ಇದು ‘ವೈಲ್’. ನಿಷ್ಪ್ರಯೋಜಕವಾದ ಸುತ್ತನ್ನು ನಡುವೆಯೇ ಬಿಟ್ಟು ಮುಂದಿನದಕ್ಕೆ ಹೋಗುವುದು ಎರಡನೆಯದು, ಇದು ‘ಕಂಟಿನ್ಯೂ’. ಇಷ್ಟಸಿದ್ಧಿಯಾದೊಡನೆ ಆವರ್ತದಿಂದಲೇ ಹೊರಬೀಳುವುದು ಮೂರನೆಯದು, ಇದು ‘ಬ್ರೇಕ್’. ಇವು ಸರಿಯಿಲ್ಲದಿದ್ದರೆ ಯಂತ್ರವು ಕೊನೆಯಿಲ್ಲದೆ ಸುತ್ತುತ್ತಲೇ ಇರುವುದು. ಈ ಮೂರು ನಿಯಮಗಳಿಗೂ ಸಂವಾದಿಯಾದ ವಿಧಾನವು ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ದೊರೆಯುವುದು.

ಕ್ರಿ. ಶ. 1114ರಲ್ಲಿ ಜನಿಸಿದ ಭಾಸ್ಕರನು ತನ್ನ ಊರು ವಿಜ್ಜಡವಿಡವೆಂದು ಹೇಳಿಕೊಂಡಿರುವನು. ಅದು ಸಿದ್ಧೇಶ್ವರ ಗುಡಿಯಿರುವ ಇಂದಿನ ವಿಜಯಪುರವೆಂದು ಹಲವರ ಮತ. ಆತನ ಮೊಮ್ಮಗನ ಕಾಲದ ಪಾಟಣ ಶಾಸನವನ್ನು ಆಧರಿಸಿ ಖಾನದೇಶದ ಕಡೆಯದೆಂದು ಬೇರೆಯವರ ಮತ. ಸಿದ್ಧಾಂತಶಿರೋಮಣಿಯು 1150ರಲ್ಲಿ ರಚಿತವಾಯಿತು. ಚಕ್ರವಾಲವೆಂದರೆ ಮಂಡಲ, ಬಳಸಿ ಬರುವ ವೃತ್ತ. ಈ ವಿಧಾನವು ಭಾಸ್ಕರನಿಗಿಂತ ಹಿಂದಿನದು. 1073ರ ಉದಯದಿವಾಕರನ ವ್ಯಾಖ್ಯಾನವು ಜಯದೇವನೆಂಬವನ ಶ್ಲೋಕಗಳಲ್ಲಿ ಇದನ್ನು ಉಳಿಸಿಕೊಟ್ಟಿದೆ.

ಭಾಸ್ಕರನ ಪ್ರಸಿದ್ಧ ಉದಾಹರಣೆಯಿದು: ಯಾವ ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1ನ್ನು ಕೂಡಿದರೆ ಮತ್ತೊಂದು ವರ್ಗವಾಗುವುದು? ಇಲ್ಲಿ 61 ಪ್ರಕೃತಿ. ಮೊದಲ ಮೂಲ ಕನಿಷ್ಠ, ಎರಡನೆಯದು ಜ್ಯೇಷ್ಠ, ಕೂಡುವ ಸಂಖ್ಯೆ ಕ್ಷೇಪ. ಕನಿಷ್ಠ 1, ಜ್ಯೇಷ್ಠ 8 ಎಂದಿಟ್ಟರೆ ಕ್ಷೇಪವು 3. ಕ್ಷೇಪವು 1 ಆಗುವವರೆಗೆ ಸುತ್ತಬೇಕು. ಇದೇ ಮೊದಲನೆಯ ನಿಯಮ.

ಪ್ರತಿ ಸುತ್ತಿನಲ್ಲಿಯೂ ಒಂದು ಗುಣಕವನ್ನು ಆರಿಸಬೇಕು. ಕನಿಷ್ಠವನ್ನು ಅದರಿಂದ ಗುಣಿಸಿ ಜ್ಯೇಷ್ಠವನ್ನು ಕೂಡಿದರೆ ಕ್ಷೇಪದಿಂದ ನಿಶ್ಶೇಷವಾಗಿ ಭಾಗವಾಗಬೇಕು. ಇಲ್ಲಿ 1, 4, 7, 10 ಮೊದಲಾದವು ಯೋಗ್ಯ, ಉಳಿದವು ತ್ಯಾಜ್ಯ. ಯಂತ್ರವು ಒಂದೊಂದನ್ನೇ ಪರೀಕ್ಷಿಸಿ ತ್ಯಾಜ್ಯವನ್ನು ‘ಕಂಟಿನ್ಯೂ’ ಎಂದು ದಾಟುವುದು. ಭಾಸ್ಕರನು ಕುಟ್ಟಕದಿಂದ ಯೋಗ್ಯವಾದವನ್ನೇ ನೇರವಾಗಿ ಪಡೆಯುವನು. ಅವುಗಳಲ್ಲಿ ಯಾವುದರ ವರ್ಗವು 61ಕ್ಕೆ ಅತಿ ಸಮೀಪವೋ ಅದು ಗ್ರಾಹ್ಯ, ಅದು 7. ಆಗ ಕನಿಷ್ಠ 5, ಜ್ಯೇಷ್ಠ 39, ಕ್ಷೇಪ ಋಣ 4 ಆಗುವುವು.

ಭಾಸ್ಕರನು ಇಲ್ಲಿಯೇ ನಿಲ್ಲುವನು. ಕ್ಷೇಪವು ಧನವಾಗಲಿ ಋಣವಾಗಲಿ 4, 2 ಅಥವಾ 1 ಆದೊಡನೆ ಚಕ್ರವನ್ನು ಬಿಟ್ಟು, 628ರಲ್ಲಿ ಬ್ರಹ್ಮಗುಪ್ತನು ಹೇಳಿದ ಭಾವನೆಯಿಂದ ಉತ್ತರವನ್ನು ಸಾಧಿಸಬಹುದು. ಇದೇ ‘ಬ್ರೇಕ್’. ಹೀಗೆ ಕನಿಷ್ಠ 226153980, ಜ್ಯೇಷ್ಠ 1766319049 ಎಂದು ಬರುವುದು. ನಿಲ್ಲದೆ ಸುತ್ತಿದ್ದರೆ ಕ್ಷೇಪಗಳು 3, −4, −5, 5, 4, −3, −1, −3, 4, 5, −5, −4, 3, 1 ಎಂದು ನಡೆದು, ಹದಿಮೂರನೆಯ ಸುತ್ತಿಗೆ ಇದೇ ಉತ್ತರ ದೊರೆಯುತ್ತಿತ್ತು. ಒಂದು ಸುತ್ತಿಗೂ ಹದಿಮೂರು ಸುತ್ತಿಗೂ ಇರುವ ಅಂತರವೇ ನಿಯಮನದ ಫಲ. 1657ರಲ್ಲಿ ಫರ್ಮಾ ಎಂಬ ಫ್ರೆಂಚ್ ಗಣಿತಜ್ಞನು ಸವಾಲಾಗಿ ಒಡ್ಡಿದ ಪ್ರಶ್ನೆಗಳಲ್ಲಿ ಈ 61ರದೂ ಒಂದು.

ಆದರೆ ಚಕ್ರವು ನಿಂತೇ ನಿಲ್ಲುವುದೆಂಬುದಕ್ಕೆ ಪ್ರಮಾಣವೇನು? ಭಾಸ್ಕರನು ವಿಧಿಯನ್ನು ಹೇಳಿದನು, ಉಪಪತ್ತಿಯನ್ನು ಹೇಳಲಿಲ್ಲ. ಪ್ರಕೃತಿಯು ತಾನೇ ವರ್ಗವಾಗಿರದಿದ್ದರೆ ಉತ್ತರವು ಇದ್ದೇ ಇರುವುದೆಂದು ಲಗ್ರಾಂಜನು 18ನೆಯ ಶತಮಾನದಲ್ಲಿ ಸಾಧಿಸಿದನು. ಚಕ್ರವಾಲವೇ ಆ ಉತ್ತರವನ್ನು ಮುಟ್ಟುವುದೆಂಬುದನ್ನು 1929-30ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ವಿವರಿಸಿದವರು ಮೈಸೂರಿನ ಗಣಿತಾಧ್ಯಾಪಕರಾಗಿದ್ದ ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್ಯರು, ಕವಿ ಎ. ಕೆ. ರಾಮಾನುಜನ್ನರ ತಂದೆ. ಉಪಪತ್ತಿಯ ತಿರುಳಿದು: ಅತಿ ಸಮೀಪದ ಗುಣಕವನ್ನು ಆರಿಸುವುದರಿಂದ ಕ್ಷೇಪಗಳು ಮಿತಿಯನ್ನು ಮೀರಿ ಬೆಳೆಯಲಾರವು, ಮಿತವಾದವು ಮರುಕಳಿಸಲೇಬೇಕು, ಪ್ರತಿ ಹೆಜ್ಜೆಯನ್ನೂ ಹಿಂದಿರುಗಿಸಬಹುದಾದ್ದರಿಂದ ಚಕ್ರವು ತನ್ನ ಮೊದಲಿಗೆ, ಎಂದರೆ ಕ್ಷೇಪ 1ಕ್ಕೆ, ಬಂದೇ ಬರುವುದು.

ಆದುದರಿಂದ ‘ಸಮೀಪವಾದುದನ್ನೇ ಆರಿಸು’ ಎಂಬ ಮಾತು ಕೇವಲ ಲಾಘವಕ್ಕಾಗಿ ಇರುವುದಲ್ಲ. ಆವರ್ತದ ಅಂತ್ಯವು ಅದನ್ನೇ ಅವಲಂಬಿಸಿದೆ. ಸುತ್ತುವ ವಿಧಿಯನ್ನು ಬರೆಯುವವನು ನಿಲ್ಲುವ ಕಾರಣವನ್ನೂ ಅದರೊಳಗೇ ಬರೆದಿರಬೇಕೆಂಬುದಕ್ಕೆ ಚಕ್ರವಾಲವು ಪ್ರಾಚೀನವಾದ ನಿದರ್ಶನ.