ಬೆಟ್ಟದ ಓತಿಗಳನ್ನು ಗುರುತಿಸುವ ಬಗೆ



ಕಳೆದ ವರ್ಷ ಹೂಡೆಯ ರೈತರೊಬ್ಬರು, ಹೆಬ್ರಿಯ ಕಡೆ ಘಟ್ಟದ ಬುಡದಲ್ಲಿರುವ ತಮ್ಮ ಅಡಿಕೆ ತೋಟದಿಂದ ಸತ್ತ ಪ್ರಾಣಿಯೊಂದನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಬಳಿಗೆ ತಂದರು. ಮರದ ಬುಡದ ಮಣ್ಣಿಗೆ ಮೂತಿ ತೂರಿಕೊಂಡಿತ್ತಂತೆ. ವಿಷದ ಜಂತುವೆಂದು ಆಳುಗಳು ಹೊಡೆದರಂತೆ. ಪಕ್ಕೆಯ ಚರ್ಮವನ್ನು ಮೆಲ್ಲನೆ ಎಳೆದು ನೋಡಿದೆ, ಕೊಡೆಯಂತೆ ಬಿಚ್ಚಿಕೊಂಡಿತು. ಅದು ಹಾರುವ ಓತಿ. ಹೊಟ್ಟೆಯಲ್ಲಿ ಮೊಟ್ಟೆಗಳಿದ್ದವು. ಡಿಪ್ಲೊಮಾ ತರಗತಿಯಲ್ಲಿ ನಮಗೆ ಕೀಟಗಳನ್ನು ಕಲಿಸಿದ್ದರೇ ವಿನಾ ಓತಿಗಳನ್ನಲ್ಲ; ಆದುದರಿಂದ ನಾನೂ ಓದಿ ತಿಳಿಯಬೇಕಾಯಿತು.

ಮೊದಲು ಹೇಳಬೇಕಾದ ಮಾತು: ನಮ್ಮ ಸೀಮೆಯ ಹಲ್ಲಿ, ಓತಿ, ಹಾವುರಾಣಿ ಇವುಗಳಲ್ಲಿ ಯಾವುದಕ್ಕೂ ವಿಷವಿಲ್ಲ. ಬೇಲಿಯ ಓತಿಯ ಗಂಡಿಗೆ ಬೆದೆಯ ಕಾಲದಲ್ಲಿ ತಲೆ, ಕತ್ತು ಕೆಂಪಾಗುವುದನ್ನು ಕಂಡು, ದೂರದಿಂದಲೇ ರಕ್ತ ಹೀರುತ್ತದೆಂದು ಮಕ್ಕಳು ಕಲ್ಲೆಸೆಯುವುದುಂಟು. ಅದು ಬಣ್ಣ ಮಾತ್ರ.

ತೆಂಗು, ಅಡಿಕೆ ಎರಡೂ ತಾಳೆಯ ಕುಟುಂಬಕ್ಕೆ ಸೇರಿದರೂ ಬೇರೆ ಬೇರೆ ಕುಲದವಷ್ಟೆ? ಓತಿಗಳೂ ಹಾಗೆಯೇ. ಇವೆಲ್ಲ ಅಗಾಮಿಡೇ ಎಂಬ ಕುಟುಂಬದವು. ಮನೆಯ ಹಲ್ಲಿಯದೂ ಹಾವುರಾಣಿಯದೂ ಬೇರೆ ಕುಟುಂಬಗಳು. ಹೂಡೆಯ ಬೇಲಿಯಲ್ಲಿ ಕಾಣುವುದು ಕ್ಯಾಲೋಟಿಸ್ ಕುಲದ ಓತಿ. ಘಟ್ಟದ ಕಾಡಿನಲ್ಲಿ ಅದನ್ನೇ ಹೋಲುವ ಇನ್ನೊಂದಿದೆ. ಅದರ ಭುಜದ ಮುಂದೆ ಓರೆಯಾಗಿ ಚರ್ಮದ ಒಂದು ಕಪ್ಪು ಮಡಿಕೆಯಿರುತ್ತದೆ. ಬೇಲಿಯ ಓತಿಗೆ ಇದಿಲ್ಲ. ಬಣ್ಣವನ್ನು ನಂಬಬೇಡಿ, ಗಳಿಗೆಗೊಂದು ಬಗೆಯಾಗುತ್ತದೆ, ಮಡಿಕೆಯನ್ನು ನೋಡಿ. ಈ ಕಾಡಿನ ಓತಿಯನ್ನೂ ಬಹುಕಾಲ ಕ್ಯಾಲೋಟಿಸ್ ಎಂದೇ ಕರೆಯುತ್ತಿದ್ದರು. 2018ರಲ್ಲಿ ವಿಜ್ಞಾನಿಗಳು ಮೈಲಕ್ಷಣಗಳನ್ನೂ ವಂಶವಾಹಿಯನ್ನೂ ಹೋಲಿಸಿ, ಅದಕ್ಕೆ ಮೊನಿಲೆಸಾರಸ್ ಎಂಬ ಪ್ರತ್ಯೇಕ ಕುಲವನ್ನೇ ಮಾಡಿದರು. ಅದೇ ವರ್ಷ ಘಟ್ಟದ ದಕ್ಷಿಣದ ಬೆಟ್ಟಗಳಿಂದ ಈ ಕುಲಕ್ಕೆ ಎರಡು ಹೊಸ ಜಾತಿಗಳು ಸೇರಿದವು. ಒಂದರ ಹೆಸರು ಮೊಂಟಾನಸ್, ಎಂದರೆ ಬೆಟ್ಟದ್ದು.

ಇನ್ನು ಹಾರುವ ಓತಿ. ಬಾಲ ಸೇರಿ ಸುಮಾರು ಒಂದು ಗೇಣು ಉದ್ದ. ತೊಗಟೆಯ ಬಣ್ಣವೇ ಮೈಬಣ್ಣ. ಸುಮ್ಮನೆ ಕುಳಿತರೆ ಎರಡು ಮೊಳ ದೂರದಿಂದಲೂ ಕಾಣಿಸದು. ಗಂಡಿನ ಗಂಟಲ ಕೆಳಗೆ ನಿಂಬೆಹಳದಿಯ ಚೂಪಾದ ಚೀಲವೊಂದಿದ್ದು, ಅದನ್ನು ಬಾವುಟದಂತೆ ಮುಂದಕ್ಕೆ ಚಾಚುತ್ತದೆ. ಗುರುತಿಗೆ ಇದಕ್ಕಿಂತ ಸುಲಭದ್ದು ಬೇರೆ ಬೇಡ. ರೆಕ್ಕೆಯೆಂದರೆ ಹಕ್ಕಿಯ ರೆಕ್ಕೆಯಲ್ಲ. ಉದ್ದವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ. ಬಡಿಯಲಾರದು, ಮರದಿಂದ ಮರಕ್ಕೆ ತೇಲಿ ಇಳಿಯುತ್ತದೆ. ಇದನ್ನು 1837ರಲ್ಲಿ ಫ್ರಾನ್ಸಿನ ಡ್ಯುಮೆರಿಲ್ ಮತ್ತು ಬಿಬ್ರಾನ್ ಎಂಬವರು ವರ್ಣಿಸಿ, ಡ್ರಾಕೋ ಡುಸುಮಿಯೇರಿ ಎಂದು ಹೆಸರಿಟ್ಟರು. ಡುಸುಮಿಯೇ ಎಂಬಾತ ನಮ್ಮ ಕರಾವಳಿಗೆ ಬರುತ್ತಿದ್ದ ಹಡಗಿನ ವ್ಯಾಪಾರಿ. ಬೂತಾಯಿಯನ್ನು ಹೋಲುವ ಒಂದು ಮೀನಿನ ಕುಲಕ್ಕೂ ಆತನ ಹೆಸರೇ ಇದೆಯೆಂದರೆ ಹೂಡೆಯವರಿಗೆ ಸೋಜಿಗವೆನಿಸಬಹುದು. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ 1980ರಲ್ಲಿ ಬಂದ ಮೇಲೆ ಕನ್ನಡ ಓದುವವರಿಗೆಲ್ಲ ಈ ಪ್ರಾಣಿಯ ಸುದ್ದಿ ತಿಳಿಯಿತು. ತೋಟದಲ್ಲಿ ದುಡಿಯುವವರಿಗೆ ಮಾತ್ರ ಇನ್ನೂ ತಲುಪಿದಂತಿಲ್ಲ.

ಇದರ ಮುಖ್ಯ ಆಹಾರ ಮರದ ಇರುವೆಗಳು. ತೋಟಕ್ಕೆ ಇದರಿಂದ ಭಾರಿ ಲಾಭವೆಂದು ನಾನು ಹೇಳಲಾರೆ. ಅಡಿಕೆಗೆ ನಷ್ಟವಂತೂ ಕಾಸಿನಷ್ಟೂ ಇಲ್ಲ. ಬದುಕೆಲ್ಲ ಮರದ ಮೇಲೆಯೇ. ಹೆಣ್ಣು ನೆಲಕ್ಕಿಳಿಯುವುದು ಸಾಮಾನ್ಯವಾಗಿ ಮೊಟ್ಟೆಯಿಡುವುದಕ್ಕಾಗಿ. ಮೂತಿಯಿಂದ ಮಣ್ಣು ಅಗೆದು, ನಾಲ್ಕರ ಆಸುಪಾಸು ಮೊಟ್ಟೆಯಿಟ್ಟು, ಗುಳಿಯನ್ನು ಮುಚ್ಚಿ ಮತ್ತೆ ಮರವೇರುತ್ತದೆ. ಓಡಿ ತಪ್ಪಿಸಿಕೊಳ್ಳಲು ನೆಲ ಅದಕ್ಕೆ ಒಗ್ಗದು. ಪೆಟ್ಟು ತಿನ್ನುವುದೂ ಆಗಲೇ.

ಮರದ ಬುಡದಲ್ಲಿ ಹೀಗೆ ಮೂತಿ ತೂರಿದ ಓತಿಯನ್ನು ಕಂಡರೆ ದೂರದಲ್ಲೇ ನಿಂತು, ಅದು ಮರವೇರಿದ ಮೇಲೆ ಅಲ್ಲೊಂದು ಕೋಲು ನೆಡಿ. ಮುಂದೆ ಬುಡ ಬಿಡಿಸುವಾಗ ಆ ಒಂದು ಮೊಳ ಜಾಗಕ್ಕೆ ಹಾರೆ ಹಾಕದಂತೆ ಆಳುಗಳಿಗೆ ಹೇಳಿರಿ. ಬಾಳೆಲೆಯಲ್ಲಿ ತಂದ ಆ ರೈತರು ಈ ವರ್ಷ ಎರಡು ಕೋಲು ನೆಟ್ಟಿದ್ದಾರೆ.