ಉಳಿ ಹಿಡಿದ ಕೈಗೆ ಒಲಿಯುವ ವಿದ್ಯೆ

ಒಂದು ಚಾಕು, ಗೇಣುದ್ದದ ಮರದ ತುಂಡು, ಎದುರಿಗೆ ತಾನು ಮಾಡಬೇಕಾದ ವಸ್ತುವಿನ ಮಾದರಿ: ಸ್ವೀಡನ್ ದೇಶದ ನೇಸ್ ಎಂಬ ಎಸ್ಟೇಟಿನ ಶಿಕ್ಷಣಾಲಯದಲ್ಲಿ ಬಾಲಕನ ಕೈಗೆಲಸದ ಪಾಠ ಆರಂಭವಾಗುತ್ತಿದ್ದುದು ಇಷ್ಟರಿಂದಲೇ. ಅವನು ಮೊದಲು ಮಾಡುವ ವಸ್ತುವಾದರೂ ಎಷ್ಟರದು? ಎಳೆಯ ಮಕ್ಕಳು ಅಕ್ಷರದ ಮೇಲಿಟ್ಟು ಓದುವ ಒಂದು ಸಣ್ಣ ಕಡ್ಡಿ. ಅಷ್ಟು ಅಲ್ಪವಾದ ಕಡ್ಡಿಯಲ್ಲಿಯೂ ವಿದ್ಯೆಯ ಒಂದು ಮಹತ್ತತ್ತ್ವ ಅಡಗಿದೆಯೆಂದು ಕಂಡುಕೊಂಡವನು ಆ ಶಿಕ್ಷಣಾಲಯದ ನಿರ್ದೇಶಕನಾದ ಒಟ್ಟೊ ಸಾಲೊಮನ್.

ಗೋಥೆನ್‌ಬರ್ಗ್ ನಗರದ ವರ್ತಕನಾದ ಆಗಸ್ಟ್ ಅಬ್ರಹಾಮ್‌ಸನ್ 1868ರಲ್ಲಿ ನೇಸ್ ಎಸ್ಟೇಟನ್ನು ಕೊಂಡನು. ಕಾರ್ಖಾನೆಯ ಸರಕು ಹಳ್ಳಿಗಳನ್ನು ಹೊಕ್ಕು, ಚಳಿಗಾಲದ ದೀರ್ಘರಾತ್ರಿಗಳಲ್ಲಿ ರೈತರು ಮನೆಯಲ್ಲಿಯೇ ಮಾಡುತ್ತಿದ್ದ ಮರಗೆಲಸವು ಕ್ಷೀಣಿಸುತ್ತಿದ್ದ ಆ ಕಾಲದಲ್ಲಿ, ಆತನೂ ಆತನ ಸೋದರಳಿಯನಾದ ಸಾಲೊಮನನೂ ಸೇರಿ 1872ರಲ್ಲಿ ಬಾಲಕರಿಗಾಗಿ ಒಂದು ಶಾಲೆಯನ್ನು ತೆರೆದರು. ಆದರೆ ಕೈಗೆಲಸವನ್ನು ಸಾರ್ವತ್ರಿಕ ಶಿಕ್ಷಣದ ಅಂಗವೆಂದು ಸಾಲೊಮನನು ಬಗೆಯುವಂತಾದುದು, 1877ರಲ್ಲಿ ಫಿನ್‌ಲೆಂಡಿಗೆ ಹೋಗಿ ಉನೊ ಸಿಗ್ನೇಯಸ್ ಎಂಬ ಶಿಕ್ಷಣವೇತ್ತನನ್ನು ಕಂಡ ಮೇಲೆ. ಆ ಮಹನೀಯನ ಪ್ರಯತ್ನದಿಂದ 1866ರಲ್ಲಿಯೇ ಫಿನ್‌ಲೆಂಡಿನ ಜನತಾಶಾಲೆಗಳ ಪಾಠಕ್ರಮದಲ್ಲಿ ಕೈಗೆಲಸಕ್ಕೆ ಸ್ಥಾನ ದೊರಕಿತ್ತು. ಸ್ಲಾಯ್ಡ್ ಎಂದು ಪ್ರಸಿದ್ಧವಾದ ನೇಸಿನ ಈ ಪದ್ಧತಿಯ ಗುರಿ ಬಡಗಿಗಳನ್ನು ತಯಾರಿಸುವುದಲ್ಲ, ಮನುಷ್ಯರನ್ನು ತಯಾರಿಸುವುದು.

ಸುಲಭವಾದುದರಿಂದ ಕಠಿನವಾದುದಕ್ಕೆ, ತಿಳಿದುದರಿಂದ ತಿಳಿಯದುದಕ್ಕೆ ಸಾಗುವಂತೆ ಮಾದರಿಗಳು ಸೋಪಾನಕ್ರಮದಲ್ಲಿ ಜೋಡಿಸಲ್ಪಟ್ಟಿದ್ದುವು: ಕಡ್ಡಿಯಾದ ಮೇಲೆ ಹೂಗಿಡದ ಆನಿಕೆಗೋಲು, ಅನಂತರ ಸುತ್ತಿಗೆಯ ಹಿಡಿ, ಸೌಟು; ಉಪಕರಣಗಳಲ್ಲಿ ಚಾಕುವಿನ ಹಿಂದೆ ಒಂದೊಂದಾಗಿ ಗರಗಸ, ಕೀಸುಳಿ, ಮೂಲೆಮಟ್ಟ. ಮಾಡಿದ ವಸ್ತು ಮನೆಯಲ್ಲಿ ಬಳಕೆಗೆ ಬರಬೇಕು. ಆದಿಯಿಂದ ಅಂತ್ಯದವರೆಗೆ ಒಬ್ಬನೇ ಅದನ್ನು ಮಾಡಿ ಮುಗಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಶಿಷ್ಯನ ಕೆಲಸಕ್ಕೆ ಉಪಾಧ್ಯಾಯನು ಕೈಹಾಕಲೇಕೂಡದು. ಈ ಕೊನೆಯ ನಿಯಮದಲ್ಲಿಯೇ ಪದ್ಧತಿಯ ಜೀವವಿದೆಯೆಂದು ನನ್ನ ನಂಬಿಕೆ. ಲೆಕ್ಕ ತಪ್ಪಿದರೆ ಮೇಷ್ಟರು ಕೆಂಪುಶಾಯಿಯಿಂದ ಗೀಟೆಳೆದು ತಿಳಿಸಬೇಕು. ಸೌಟಿನ ಹಿಡಿ ಸೊಟ್ಟಗಾದರೆ ಅದನ್ನು ಹುಡುಗನ ಅಂಗೈಯೇ ಅವನಿಗೆ ಹೇಳುತ್ತದೆ. ಮರದ ನಾರಿಗೆದುರಾಗಿ ಚಾಕು ನಡೆಸಿದವನ ಕೈಯಲ್ಲಿ ತುಂಡು ಸೀಳಿಹೋಗುತ್ತದೆ. ಮರದೊಡನೆ ವಾದಿಸಿ ಫಲವಿಲ್ಲ, ಮುಖಸ್ತುತಿಗೆ ಅದು ಮಣಿಯದು. ತನ್ನ ತಪ್ಪನ್ನು ತಾನೇ ಕಂಡು ತಾನೇ ತಿದ್ದಿಕೊಳ್ಳುವ ಸತ್ಯನಿಷ್ಠೆಯನ್ನು ಇದಕ್ಕಿಂತ ಸಹಜವಾಗಿ ಕಲಿಸಬಲ್ಲ ಪಾಠವನ್ನು ನಾನು ಕಾಣೆ.

ನಾನಾ ದೇಶಗಳ ಅಧ್ಯಾಪಕರು ನೇಸಿಗೆ ಬಂದು ಕಲಿತು ಹೋದರು. ಶಾಂತಿನಿಕೇತನದಿಂದ ಲಕ್ಷ್ಮೀಶ್ವರ ಸಿನ್ಹಾ ಅವರೂ ಹೋದರು. ಸ್ವೀಡನ್ನಿನ ಶಾಲೆಗಳಲ್ಲಿ ಇಂದಿಗೂ ಸ್ಲಾಯ್ಡ್ ಎಲ್ಲ ಮಕ್ಕಳಿಗೂ ಕಡ್ಡಾಯ; ಮರ ಮತ್ತು ಲೋಹ ಒಂದು ಕಡೆ, ನೂಲು ಮತ್ತು ಬಟ್ಟೆ ಇನ್ನೊಂದು ಕಡೆ. ಈಗಿನ ಮಗು ಮಾದರಿಯನ್ನು ಅನುಕರಿಸಿ ಸುಮ್ಮನಾಗುವುದಿಲ್ಲ. ತಾನೇ ಕಲ್ಪಿಸಿ, ನಕ್ಷೆ ಬರೆದು, ಮಾಡಿ, ಮಾಡಿದುದನ್ನು ವಿಮರ್ಶಿಸುತ್ತದೆ. ಇಂಗ್ಲೆಂಡಿನಲ್ಲಿ 1990ರಲ್ಲಿ ರಾಷ್ಟ್ರೀಯ ಪಾಠಕ್ರಮವನ್ನು ಸೇರಿದ ವಿನ್ಯಾಸ ಮತ್ತು ತಂತ್ರಜ್ಞಾನ ಎಂಬ ವಿಷಯದ ತಿರುಳೂ ಇದೇ.

ನಮ್ಮಲ್ಲಿ ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಕರೆದ ಸಮ್ಮೇಳನವು ಕಸಬನ್ನು ಶಿಕ್ಷಣದ ಕೇಂದ್ರದಲ್ಲಿರಿಸಬೇಕೆಂದು ನಿರ್ಣಯಿಸಿತು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಾಠಕ್ರಮವನ್ನೂ ರಚಿಸಿಕೊಟ್ಟಿತು. ಆ ಬೀಜ ನಮ್ಮ ನೆಲದಲ್ಲಿ ಚೆನ್ನಾಗಿ ಬೇರೂರಲಿಲ್ಲ. ಆದರೂ ಅದರ ಸತ್ತ್ವ ಕೆಟ್ಟಿಲ್ಲ. ಅದನ್ನು ಮತ್ತೆ ಬಿತ್ತಲು ಅದ್ದೂರಿಯ ಪ್ರಯೋಗಶಾಲೆ ಬೇಕಾಗಿಲ್ಲ. ಪ್ರತಿಯೊಂದು ಶಾಲೆಯಲ್ಲಿಯೂ ಗಟ್ಟಿಯಾದ ಒಂದು ಮೇಜು, ಹರಿತವಾದ ಕೆಲವು ಉಪಕರಣಗಳು, ವಾರಕ್ಕೆ ಎರಡು ಗಂಟೆಯ ಅವಕಾಶ, ಮಗು ತಪ್ಪಿದಾಗ ತನ್ನ ಕೈಯನ್ನು ಹಿಂದೆ ಕಟ್ಟಿಕೊಂಡು ನಿಲ್ಲಬಲ್ಲ ಒಬ್ಬ ಉಪಾಧ್ಯಾಯ: ಇಷ್ಟನ್ನಾದರೂ ನಾವು ನಮ್ಮ ಮಕ್ಕಳಿಗೆ ಒದಗಿಸಿಕೊಡೋಣ.